ಊಟದ ನಡುವಿನ ಗುಟುಕು

ಆ ದೊಡ್ಡ ಆಸ್ಪತ್ರೆಯಲ್ಲಿ ಬಾಯ್ಲರಣ್ಣನ ಮುಖ ಕಂಡವರು ಕಡಿಮೆ, ಅವನ ಉಗಿಯ ಹಂಗಿಲ್ಲದವರು ಇನ್ನೂ ಕಡಿಮೆ. ಹಾಸಿಗೆ ಬಟ್ಟೆ ಒಗೆಯುವುದು ಅವನ ಉಗಿಯಲ್ಲಿ, ಆಪರೇಷನ್ನಿನ ಕತ್ತರಿ ಚಿಮಟಗಳು ಶುದ್ಧವಾಗುವುದು ಅವನ ಉಗಿಯಲ್ಲಿ, ಅಡುಗೆಮನೆಯ ಹಂಡೆಗಳು ಕುದಿಯುವುದೂ ಅದರಲ್ಲೇ. ನೆಲಮಾಳಿಗೆಯಲ್ಲಿ ಒಂದು ಸ್ಟೂಲು ಹಾಕಿಕೊಂಡು, ಬಾಯ್ಲರಿನ ಎದುರು ಕೂತು, ಅದರ ಮೈಗೆ ಅಂಟಿಕೊಂಡ ಗಾಜಿನ ನಳಿಗೆಯಲ್ಲಿ ನೀರಿನ ಮಟ್ಟ ಎಲ್ಲಿದೆ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು ಅವನ ಕೆಲಸ. ಹೆಂಡತಿಯ ಮುಖವನ್ನು ಅಷ್ಟು ಹೊತ್ತು ನೋಡಿದ್ದರೆ ಎಷ್ಟೋ ಸಂಗತಿ ಮೊದಲೇ ತಿಳಿಯುತ್ತಿತ್ತು ಎಂದು ಅವನ ಮಗಳು ಆಮೇಲೊಮ್ಮೆ ಅಂದಳು. ಅವಳ ನಾಲಿಗೆ ಸ್ವಲ್ಪ ಹರಿತ, ಆದರೆ ಆ ಮಾತಿನಲ್ಲಿ ಸುಳ್ಳಿರಲಿಲ್ಲ.

ಈ ಬಾಯ್ಲರಣ್ಣನಿಗೆ ಒಂದು ಹಟವಿತ್ತು. ಊಟದ ನಡುವೆ ನೀರು ಕುಡಿಯಬಾರದು. ತಾನು ಕುಡಿಯುತ್ತಿರಲಿಲ್ಲ, ಮನೆಯಲ್ಲಿ ಯಾರಿಗೂ ಬಿಡುತ್ತಿರಲಿಲ್ಲ. ಊಟದ ಮೇಜಿನ ಮೇಲೆ ಲೋಟವನ್ನೇ ಇಡುವಂತಿಲ್ಲ. ನೀರಿನ ಪಾತ್ರೆಯನ್ನು ನಡುಮನೆಯ ಗೂಡಿನಲ್ಲಿಟ್ಟಿದ್ದ. ಬೇಕಾದವರು ಊಟಕ್ಕೆ ಮುಂಚೆ ಸಾಕಷ್ಟು ಕುಡಿದು ಬರಲಿ, ಊಟ ಮುಗಿದು ಗಡಿಯಾರದ ದೊಡ್ಡ ಮುಳ್ಳು ಒಂದು ಸುತ್ತು ಬಂದ ಮೇಲೆ ಮತ್ತೆ ಕುಡಿಯಲಿ. ಮನೆಗೆ ಬಂದ ನೆಂಟರು ಬಿಕ್ಕಳಿಕೆ ಬಂದು ಕಣ್ಣು ಕೆಂಪು ಮಾಡಿಕೊಂಡರೂ ಅವನು ಜಗ್ಗುತ್ತಿರಲಿಲ್ಲ. ಷಡ್ಡಕ ಒಬ್ಬ ಜೇಬಿನಲ್ಲೇ ಚಿಕ್ಕ ಬಾಟಲಿ ಇಟ್ಟುಕೊಂಡು ಬರತೊಡಗಿದ. ಅವನು ಕುಡುಕನಾಗಿದ್ದಾನೆಂದು ನೆಂಟರಲ್ಲೆಲ್ಲ ಸುದ್ದಿ ಹಬ್ಬಿತು. ಪಾಪ, ಅದರಲ್ಲಿದ್ದದ್ದು ಬರೀ ನೀರು.

ಇದನ್ನು ಕೇಳಿ ನಗುವವರು ಅವನ ಕಥೆಯನ್ನೂ ಕೇಳಬೇಕು. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಕೆಲಸ ಕಲಿಯುತ್ತಿದ್ದ. ಒಂದು ದಿನ ನೀರು ಮಟ್ಟ ತಪ್ಪಿ ಇಳಿದುಹೋಗಿದ್ದು ಯಾರ ಗಮನಕ್ಕೂ ಬರಲಿಲ್ಲ. ಒಳಗಿನ ಕಬ್ಬಿಣ ಕಾದು ಕೆಂಪಾಗಿತ್ತು. ಬೆಂಕಿ ಆರಿಸಿ ಸುಮ್ಮನಿದ್ದರೆ ಸಾಕಿತ್ತು, ಆದರೆ ಗಾಬರಿಬಿದ್ದ ಒಬ್ಬ ಓಡಿಹೋಗಿ ತಣ್ಣೀರಿನ ನಲ್ಲಿ ತಿರುಗಿಸಿಬಿಟ್ಟ. ಕಾದ ಕಬ್ಬಿಣಕ್ಕೆ ನೀರು ತಾಗಿದ್ದೇ ತಡ, ಬಾಯ್ಲರ್ ಸಿಡಿಯಿತು. ಗೋಡೆ ಉಳಿಯಲಿಲ್ಲ, ನೀರು ಬಿಟ್ಟವನೂ ಉಳಿಯಲಿಲ್ಲ. ಹೊರಗೆ ಕಲ್ಲಿದ್ದಲು ತರಲು ಹೋಗಿದ್ದ ಇವನು ಬದುಕಿಕೊಂಡ. ಉರಿಯುತ್ತಿರುವುದರ ಮೇಲೆ ನೀರು ಬೀಳಬಾರದು ಎಂಬ ಪಾಠ ಅಂದು ಅವನ ಮೂಳೆಗೆ ಇಳಿಯಿತು. ಹೊಟ್ಟೆಯಲ್ಲೂ ಬೆಂಕಿ ಇದೆ, ಅನ್ನ ಬೇಯುವುದು ಅದರಲ್ಲೇ ಎಂದು ಹಿರಿಯರು ಹೇಳಿದ್ದನ್ನು ಅವನು ಚಿಕ್ಕಂದಿನಿಂದ ಕೇಳಿದ್ದ. ಎರಡನ್ನೂ ಸೇರಿಸಿ ಗಂಟು ಹಾಕಿದ. ಮದುವೆಯಾದ ಮೇಲೆ, ತನ್ನವರು ಎಂದು ಎದುರು ಕೂತು ಉಣ್ಣುವವರು ಬಂದ ಮೇಲೆ, ಆ ಗಂಟು ಇನ್ನೂ ಬಿಗಿಯಾಯಿತು. ಅವನ ಹಟದ ಒಳಗಿದ್ದದ್ದು ಹೆದರಿಕೆ. ಹೆದರಿಕೆಯ ಒಳಗಿದ್ದದ್ದು ಪ್ರೀತಿ. ಆದರೆ ಹೊರಗಿನವರಿಗೆ ಕಾಣುತ್ತಿದ್ದದ್ದು ಲೋಟವಿಲ್ಲದ ಮೇಜು ಮಾತ್ರ.

ಹೆಂಡತಿ ಎದುರಾಡುವವಳಲ್ಲ. ಹಾಗೆಂದು ಮೆತ್ತನೆಯವಳೂ ಅಲ್ಲ. ಊಟದ ನಡುವೆ ಎದ್ದು ಒಲೆ ಆರಿಸಿ ಬರುತ್ತೇನೆಂದು ಅಡುಗೆಮನೆಗೆ ಹೋಗುತ್ತಿದ್ದಳು, ಬರುವಾಗ ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಿದ್ದಳು. ಒಲೆ ಮರೆಯುವ ಚಾಳಿ ಇವಳಿಗೆ ಎಂದು ಅವನು ಗೊಣಗುತ್ತಿದ್ದ. ಮಗಳು ತಟ್ಟೆಯಲ್ಲಿ ಮುಖ ಹುದುಗಿಸಿ ನಗುತ್ತಿದ್ದಳು. ಮಗಳು ಮದುವೆಯಾಗಿ ಊರಿನ ಇನ್ನೊಂದು ತುದಿಗೆ ಹೋದಳು. ತಾಯಿ ಒಲೆ ಆರಿಸುವುದು ನಡೆದೇ ಇತ್ತು.

ಆಮೇಲೆ ಯಾವಾಗಲೋ ಅದು ನಿಂತಿತು. ಅವಳು ಊಟದ ನಡುವೆ ಏಳುತ್ತಿಲ್ಲ ಎಂಬುದನ್ನು ಬಾಯ್ಲರಣ್ಣ ಗಮನಿಸಿದ, ಕೊನೆಗೂ ಶಿಸ್ತು ಬಂತೆಂದು ಖುಷಿಪಟ್ಟ. ಅವಳು ಒಂದೊಂದು ತುತ್ತನ್ನೂ ಬಹಳ ಹೊತ್ತು ಅಗಿಯುತ್ತಿದ್ದಳು. ಅದೂ ಅವನಿಗೆ ಸರಿಯೆನಿಸಿತು. ಅವನ ತಟ್ಟೆ ಖಾಲಿಯಾದರೂ ಅವಳ ತಟ್ಟೆಯ ಕಾಲುಭಾಗ ಮುಗಿದಿರುತ್ತಿರಲಿಲ್ಲ. ಕೇಳಿದರೆ ಹಸಿವಿಲ್ಲ ಅನ್ನುವಳು, ಮಧ್ಯಾಹ್ನದ್ದೇ ಕರಗಿಲ್ಲ ಅನ್ನುವಳು. ರವಿಕೆಗಳು ಜೋಲತೊಡಗಿದವು. ಬೆರಳಿನ ಉಂಗುರ ಪಾತ್ರೆ ತೊಳೆಯುವಾಗ ಜಾರಿಬಿತ್ತು, ಆಮೇಲೆ ಅವಳು ಅದನ್ನು ಹಾಕಿಕೊಳ್ಳಲೇ ಇಲ್ಲ. ಒಂದು ಭಾನುವಾರ ಅವನು ತಲೆಯೆತ್ತಿದಾಗ ಅವಳು ಎದೆಯ ಮೇಲೆ ಅಂಗೈ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಬಾಯಲ್ಲಿ ಏನೂ ಇರಲಿಲ್ಲ. ನುಂಗಿದ್ದು ಒಳಗೆಲ್ಲೋ ನಿಂತಿತ್ತು. ಅದು ಕೆಳಗಿಳಿಯುವುದನ್ನು ಅವಳು ಕಾಯುತ್ತಿದ್ದಳು, ಬಸ್ಸಿಗೆ ಕಾಯುವವರ ಹಾಗೆ. ಅಂದು ಅವನು ತನ್ನ ತಟ್ಟೆಯಲ್ಲಿ ಉಳಿದದ್ದನ್ನು ಉಣ್ಣಲಿಲ್ಲ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೆಲಸ ಮಾಡುವವರಿಗೆ ರೋಗಗಳ ಹೆಸರು ಬೇಕಾದ್ದಕ್ಕಿಂತ ಹೆಚ್ಚೇ ಗೊತ್ತಿರುತ್ತದೆ. ಗಂಟಲಲ್ಲಿ ಇಳಿಯದೆ, ಮೈ ಸೊರಗಿ, ಕೊನೆಗೆ ಏನಾಗುತ್ತದೆ ಎಂಬುದನ್ನು ಬಟ್ಟೆ ಒಗೆಯುವವರ ಬಾಯಲ್ಲಿ ಅವನು ಎಷ್ಟೋ ಸಲ ಕೇಳಿದ್ದ. ಆ ರೋಗದ ಹೆಸರನ್ನು ಬಾಯಿಬಿಟ್ಟು ಹೇಳಲಾರದೆ, ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದೊಯ್ಯಲೂ ಆಗದೆ, ಇವತ್ತು ನಾಳೆ ಎಂದು ದಿನ ದೂಡಿದ. ಮಗಳು ಬಂದು ತಾಯಿಯನ್ನು ನೋಡಿದಳು. ಅಪ್ಪನ ಜೊತೆ ಜಗಳವಾಡಲಿಲ್ಲ, ಅತ್ತಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಮಾರನೆಯ ದಿನವೇ ಮೂವರೂ ಅವನದೇ ಆಸ್ಪತ್ರೆಯ ಮೇಲಿನ ಮಹಡಿಗೆ ಹೋದರು.

ಹೊಟ್ಟೆಯ ಕಾಯಿಲೆ ನೋಡುವ ಡಾಕ್ಟರಮ್ಮ ನಡುವಯಸ್ಸಿನವರು, ಅಳೆದು ಮಾತಾಡುವವರು. ನುಂಗುವುದನ್ನು ಕಣ್ಣಾರೆ ನೋಡಬೇಕು, ಆಮೇಲೆ ಹೇಳುತ್ತೇನೆ ಎಂದರು. ಎಕ್ಸರೇ ಯಂತ್ರದ ಮುಂದೆ ನಿಲ್ಲಿಸಿ, ಎಕ್ಸರೇಗೆ ಕಾಣುವಂಥ ಬಿಳಿ ಔಷಧ ಸವರಿದ ಬ್ರೆಡ್ಡು ತಿನ್ನಿಸುತ್ತಾರೆ, ಅದು ಎಲ್ಲೆಲ್ಲಿ ಹೋಗುತ್ತದೆ ಎಂಬುದು ಪರದೆಯ ಮೇಲೆ ಆಗಿಂದಾಗಲೇ ಕಾಣುತ್ತದೆ ಎಂದು ವಿವರಿಸಿದರು. ಬೇಕಿದ್ದರೆ ನೀವೂ ನೋಡಬಹುದು ಎಂದು ಬಾಯ್ಲರಣ್ಣನಿಗೆ ಹೇಳಿದರು. ಅವನಿಗೆ ಬೇಕಿರಲಿಲ್ಲ. ಆದರೂ ಹೋದ.

ಎಕ್ಸರೇ ಕೋಣೆಯ ಪಕ್ಕದಲ್ಲಿ ದಪ್ಪ ಗಾಜಿನ ಕಿಟಕಿಯಿದ್ದ ಸಣ್ಣ ಕೋಣೆ. ಡಾಕ್ಟರಮ್ಮ, ಯಂತ್ರ ನಡೆಸುವ ಹುಡುಗಿ, ಮಗಳು, ಅವನು, ನಾಲ್ವರೂ ಗಾಜಿನ ಈಚೆ. ಆಚೆ ಅವನ ಹೆಂಡತಿ ಆಸ್ಪತ್ರೆಯ ಸಡಿಲ ಅಂಗಿ ತೊಟ್ಟು ಒಬ್ಬಳೇ ನಿಂತಿದ್ದಳು. ಆ ಅಂಗಿಯೊಳಗೆ ಅವಳು ಎಷ್ಟು ಚಿಕ್ಕದಾಗಿ ಕಾಣುತ್ತಿದ್ದಳೆಂದರೆ ಅವನು ಕಣ್ಣು ತಪ್ಪಿಸಿ ಪರದೆಯನ್ನು ನೋಡಿದ. ಪರದೆಯ ಮೇಲೂ ಅವಳೇ ಇದ್ದಳು. ಮಸುಕಾಗಿ ಬೆನ್ನುಮೂಳೆಯ ಸಾಲು, ಅದರ ಎರಡೂ ಕಡೆ ಪಕ್ಕೆಲುಬು, ಪಕ್ಕದಲ್ಲಿ ಮಿಡಿಯುವ ನೆರಳು. ಅದು ಹೃದಯ ಎಂದು ಹುಡುಗಿ ಹೇಳಿದಳು. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದ್ದವಳ ಹೃದಯವನ್ನು ಬಾಯ್ಲರಣ್ಣ ನೋಡುತ್ತಿದ್ದದ್ದು ಅದೇ ಮೊದಲು. ಅವನ ಕೈಗಳು ತಾವಾಗಿ ಮೇಲೆದ್ದು ಒಂದಕ್ಕೊಂದು ಸೇರಿಕೊಂಡವು.

ಮೊದಲ ಎರಡು ಚಿಕ್ಕ ತುಂಡುಗಳು ಕಪ್ಪು ನೆರಳಾಗಿ ನಿಧಾನಕ್ಕೆ ಇಳಿದು ಹೊಟ್ಟೆ ಸೇರಿದವು. ಮೂರನೆಯದು ಎದೆಯ ನಡುವೆ ನಿಂತಿತು. ಸುತ್ತಲಿನ ಅನ್ನನಳಿಕೆ ಒಮ್ಮೆ ಹಿಂಡಿತು, ಸೋತು ಬಿಟ್ಟಿತು, ಮತ್ತೆ ಹಿಂಡಿತು. ತುಂಡು ಸ್ವಲ್ಪ ಕೆಳಗೆ ಹೋಗಿ ಅಷ್ಟೇ ಮೇಲಕ್ಕೆ ಬಂತು. ಗಾಜಿನಾಚೆ ಅವಳು ಎದೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದಳು. ಆ ಭಾನುವಾರ ಊಟದಲ್ಲಿ ಅವಳು ಕೂತಿದ್ದ ರೀತಿಯೂ ಇದೇ. ಎಷ್ಟು ಊಟಗಳನ್ನು ಅವಳು ಹೀಗೆ ಕಳೆದಳೋ, ತಾನು ಎದುರಿಗೇ ಕೂತು ಬಾಯಿ ಚಪ್ಪರಿಸಿ ಉಂಡೆನೋ ಎಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದ.

ಡಾಕ್ಟರಮ್ಮ ಮೈಕಿನಲ್ಲಿ, ಪಕ್ಕದಲ್ಲಿರುವ ಲೋಟದಿಂದ ಒಂದು ಗುಟುಕು ನೀರು ಕುಡಿಯುವಂತೆ ಹೇಳಿದರು. ಅದರಲ್ಲೂ ಔಷಧ ತೆಳ್ಳಗೆ ಬೆರೆಸಿದೆ, ಹೆದರಬೇಡಿ ಎಂದರು.

ಅವಳು ಲೋಟ ಮುಟ್ಟಲಿಲ್ಲ. ತಿರುಗಿ ಗಾಜಿನ ಕಡೆ ನೋಡಿದಳು.

"ನೀರು ಬೇಡ ಡಾಕ್ಟ್ರೇ," ಅಂದಳು. ಗೋಡೆಯ ಸ್ಪೀಕರಿನಲ್ಲಿ ಅವಳ ದನಿ ಎಲ್ಲರಿಗೂ ಕೇಳಿಸಿತು. "ಅದರಿಂದಾನೇ ಹಿಂಗಾಗಿರೋದು. ನಮ್ಮನೆಯವ್ರು ಬೇಡ ಬೇಡ ಅಂದ್ರೂ ನಾನು ಕದ್ದು ಕುಡೀತಿದ್ದೆ. ಊಟದ ಮಧ್ಯ ಎದ್ದು ಹೋಗಿ, ಅಡುಗೆಮನೇಲಿ. ಮದುವೆಯಾದಾಗಿಂದ. ಗಂಟಲಲ್ಲಿ ಹಿಡಿಯೋಕೆ ಶುರುವಾದ್ಮೇಲೆ ಗೊತ್ತಾಯ್ತು, ಅವ್ರು ಹೇಳ್ತಿದ್ದಿದ್ದು ನಿಜ ಅಂತ. ಅವತ್ತಿಂದ ಬಿಟ್ಟಿದೀನಿ. ಈಗ ಮತ್ತೆ ಕುಡಿಸ್ಬೇಡಿ."

ಮಗಳು ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ, ಅದೇ ಅವನಿಗೆ ಹೆಚ್ಚು ನಾಟಿತು. ಡಾಕ್ಟರಮ್ಮ ಮೈಕಿನ ಗುಂಡಿ ಬಿಟ್ಟು ಅವನತ್ತ ತಿರುಗಿದರು. ನಾನು ಹೇಳಿದರೆ ಕೇಳುವ ಹಾಗಿಲ್ಲ, ನೀವೇ ಹೇಳಬೇಕು ಎಂದರು.

ಸುಲಭದ ಮಾತು ಅನ್ನಿಸಬಹುದು. ಬಾಯ್ಲರಣ್ಣನಿಗೆ ಅಲ್ಲ. ಅವನು ಮೈಕಿನ ಮುಂದೆ ಹೋಗಿ ನಿಂತ. ಬಣ್ಣದ ಕಾರ್ಖಾನೆಯ ಗೋಡೆ ಕಣ್ಣ ಮುಂದೆ ಬಂತು. ಅಂದು ತಾನು ನೋಡಿರದಿದ್ದರೂ, ನಲ್ಲಿ ತಿರುಗಿಸಿದವನ ಬೆನ್ನು ಕಂಡಂತಾಯಿತು. ಅವನೂ ಒಳ್ಳೆಯದಾಗಲಿ ಎಂದೇ ಓಡಿದ್ದ. ಈಗ ತಾನು ಹೇಳಿದ ಒಂದು ಮಾತಿನಿಂದ ಇವಳ ಒಳಗೆ ಏನಾದರೂ ಆಗಿಬಿಟ್ಟರೆ? ಹೇಳದಿದ್ದರೆ ಆಗುವುದು ಏನೆಂದು ಆ ಸಡಿಲ ಅಂಗಿಯೇ ಹೇಳುತ್ತಿತ್ತು. ಹುಡುಗಿ ಗುಂಡಿ ಒತ್ತಿಕೊಟ್ಟಳು.

"ಕುಡಿ ಕಣೇ," ಅಂದ. ದನಿ ಅವನದೇ ಎಂದು ಅವನಿಗೇ ನಂಬಿಕೆ ಬರಲಿಲ್ಲ. "ನಾನು ಇಲ್ಲೇ ಇದೀನಿ. ನೋಡ್ತಾ ಇದೀನಿ. ಕುಡಿ."

ಅವಳು ಲೋಟ ಎತ್ತಿಕೊಂಡಳು. ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಅವನನ್ನೇ ನೋಡುತ್ತಾ ನುಂಗಿದಳು.

ಪರದೆಯ ಮೇಲೆ ತೆಳ್ಳನೆಯ ನೆರಳೊಂದು ಕತ್ತಿನಿಂದ ಜಾರಿ ಬಂತು. ನಿಂತಿದ್ದ ತುಂಡಿನ ಮೇಲೆ ಬಂದು ಒಂದು ಕ್ಷಣ ತಂಗಿತು, ಅದರ ಸುತ್ತ ಹರಿಯಿತು, ಅದನ್ನು ನೆನೆಸಿತು. ಸೋತಿದ್ದ ನಳಿಕೆ ಮತ್ತೆ ಹಿಂಡಿತು. ಈ ಸಲ ತುಂಡು ಜಾರಿತು. ಕೆಳಗೆ ಹೊಟ್ಟೆಯ ಬಾಗಿಲು ಯಾರೂ ತಟ್ಟದೆ ತಾನಾಗಿ ತೆರೆದುಕೊಂಡು, ಬಂದದ್ದನ್ನು ಒಳಗೆ ಬಿಟ್ಟುಕೊಂಡು, ಹಿಂದೆಯೇ ಮುಚ್ಚಿಕೊಂಡಿತು.

ಬಾಯ್ಲರಣ್ಣ ಉಸಿರು ಬಿಗಿಹಿಡಿದಿದ್ದ. ಆಗುವುದಿದ್ದರೆ ಈಗ ಆಗಬೇಕು. ಹೊಟ್ಟೆಯ ಚೀಲದೊಳಗೆ ಮೊದಲಿನ ತುಂಡುಗಳು ಒಂದು ಕಡೆ ಕೂತಿದ್ದವು. ಬಂದ ನೀರು ಅವುಗಳನ್ನು ಮುಳುಗಿಸಲಿಲ್ಲ, ಕದಡಲಿಲ್ಲ. ಒಳಗೋಡೆಯ ಅಂಚು ಹಿಡಿದು, ತನಗೆ ಮೊದಲೇ ದಾರಿ ಗೊತ್ತಿದ್ದಂತೆ ನಯವಾಗಿ ಕೆಳಗಿಳಿದು ಇನ್ನೊಂದು ತುದಿಯ ಬಾಗಿಲ ಹತ್ತಿರ ಸೇರಿಕೊಂಡಿತು. ಸ್ವಲ್ಪ ಹೊತ್ತಿಗೆ ಆ ಬಾಗಿಲು ಚೂರೇ ತೆರೆದು ಅದರಲ್ಲಿ ಒಂದಿಷ್ಟನ್ನು ಮುಂದಕ್ಕೆ ಕಳಿಸಿತು. ಬ್ರೆಡ್ಡಿನ ತುಂಡುಗಳನ್ನು ಮಾತ್ರ ಬಿಡಲಿಲ್ಲ, ನಿಮ್ಮ ಕೆಲಸ ಇನ್ನೂ ಇದೆ, ಇರಿ ಎನ್ನುವ ಹಾಗೆ ಹಿಂದಕ್ಕೆ ತಳ್ಳಿತು. ಚೀಲದ ಗೋಡೆ ಅಲೆ ಅಲೆಯಾಗಿ ಹಿಟ್ಟು ನಾದುವ ಕೈಯಂತೆ ಮೆಲ್ಲಗೆ ಹಿಂಡುತ್ತಲೇ ಇತ್ತು. ಅವಸರವಿಲ್ಲ, ಗಾಬರಿಯಿಲ್ಲ. ಒಂದು ಗುಟುಕು ನೀರು ಬಂತೆಂಬುದು ಅಲ್ಲಿ ದೊಡ್ಡ ಸುದ್ದಿಯೇ ಆಗಿರಲಿಲ್ಲ.

"ಬೆಂಕಿ ಎಲ್ಲಿದೆ?" ಎಂದು ಅವನು ಪಿಸುಗುಟ್ಟಿದ.

ಡಾಕ್ಟರಮ್ಮ ನಗಲಿಲ್ಲ. ಹಿರಿಯರು ಹೊಟ್ಟೆಗೆ ಬೆಂಕಿ ಎಂದದ್ದು ಅದರ ಶಕ್ತಿ ಕಂಡು ಕೊಟ್ಟ ಹೆಸರು, ಉರಿಯುವ ಬೆಂಕಿ ಅಲ್ಲಿಲ್ಲ ಎಂದು ತಿಳಿಸಿದರು. ಅನ್ನ ಕರಗುವುದು ರಸದಲ್ಲಿ. ಆ ರಸವೂ ಬಹುಪಾಲು ನೀರೇ. ಬಾಯಿಯ ಜೊಲ್ಲು, ಹೊಟ್ಟೆಯ ಹುಳಿ, ಮುಂದೆ ಪಿತ್ತ, ಕರುಳಿನ ರಸ, ಇವೆಲ್ಲ ಸೇರಿ ಮೈ ದಿನವೂ ಒಂದು ದೊಡ್ಡ ಬಕೆಟ್ಟಿನ ಅರ್ಧದಷ್ಟು ದ್ರವವನ್ನು ಅನ್ನದ ದಾರಿಗೆ ಸುರಿಯುತ್ತದೆ, ಕೆಲಸವಾದ ಮೇಲೆ ಹೆಚ್ಚುಕಡಿಮೆ ಎಲ್ಲವನ್ನೂ ವಾಪಸು ಹೀರಿಕೊಳ್ಳುತ್ತದೆ. ಅಷ್ಟರ ನಡುವೆ ನಿಮ್ಮ ಒಂದು ಲೋಟ ಯಾವ ಲೆಕ್ಕ ಎಂದರು. ಹುಳಿ ತುಸು ತೆಳುವಾದರೆ ಹೊಟ್ಟೆ ಇನ್ನಷ್ಟು ಸುರಿಸಿ ಸರಿಮಾಡಿಕೊಳ್ಳುತ್ತದೆ. ಬೇಗ ಹೊಟ್ಟೆ ತುಂಬಿದಂತಾಗುವವರು, ಹುಳಿತೇಗು ಇರುವವರು ಒಟ್ಟಿಗೆ ತುಂಬಾ ಕುಡಿಯದಿದ್ದರೆ ಹಿತ, ಅಷ್ಟೇ.

ಅವನು ಪರದೆಯಿಂದ ಕಣ್ಣು ಕೀಳಲಿಲ್ಲ. ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಅಲ್ಲಿ ನೋಡಿಕೊಳ್ಳುವವರು ಯಾರು ಎಂದು ಕೇಳಿದ. ಅದು ಬಾಯ್ಲರಿನವನ ಪ್ರಶ್ನೆ. ಗಾಜಿನ ನಳಿಗೆಯ ಮುಂದೆ ಒಬ್ಬ ಕೂರಲೇಬೇಕು ಎಂದು ನಂಬಿ ಬದುಕಿದವನು ಅವನು. ಯಾರೂ ಇಲ್ಲ, ಅದೇ ನೋಡಿಕೊಳ್ಳುತ್ತದೆ ಎಂದರು ಡಾಕ್ಟರಮ್ಮ. ನಾವು ನಿದ್ದೆ ಮಾಡುವಾಗಲೂ, ಜಗಳವಾಡುವಾಗಲೂ.

ಬಾಯ್ಲರಣ್ಣನ ಮೈ ಜುಮ್ಮೆಂದಿತು. ಕಾವಲುಗಾರನಿಲ್ಲ, ಗಾಜಿನ ನಳಿಗೆಯಿಲ್ಲ, ಸ್ಟೂಲಿಲ್ಲ. ಕತ್ತಲೆಯಲ್ಲಿ ಬಾಗಿಲುಗಳು ತೆರೆಯುತ್ತವೆ, ಮುಚ್ಚುತ್ತವೆ, ನೀರಿಗೊಂದು ದಾರಿ, ಅನ್ನಕ್ಕೊಂದು ದಾರಿ. ಹುಟ್ಟಿದ ದಿನದಿಂದ ಒಮ್ಮೆಯೂ ರಜೆ ಕೇಳಿಲ್ಲ. ಇಂಥದೊಂದು ತನ್ನೊಳಗೂ ಇದೆ, ಈ ಹುಡುಗಿಯೊಳಗೂ ಇದೆ, ಹೊರಗೆ ಬೀದಿಯಲ್ಲಿ ಹೋಗುವ ಪ್ರತಿಯೊಬ್ಬರೊಳಗೂ ಇದೆ. ಆನೆಯಂಥ ಕಬ್ಬಿಣದ ಬಾಯ್ಲರ್ ಅವನ ಕಣ್ಣಲ್ಲಿ ಮಕ್ಕಳ ಆಟಿಕೆಯಾಯಿತು. ಇಂಥದ್ದಕ್ಕೆ ತಾನು ಕಾನೂನು ಮಾಡಲು ಹೋಗಿದ್ದೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯನ್ನೂ ಮೀರಿ ಬೆರಗಾಯಿತು. ಕಣ್ಣು ತುಂಬಿ ಪರದೆ ಮಸುಕಾದಾಗ ತೋಳಿನಿಂದ ಒರೆಸಿಕೊಂಡು ಮತ್ತೆ ನೋಡಿದ.

ಆಮೇಲೆ ಡಾಕ್ಟರಮ್ಮ ರೋಗದ ವಿಷಯಕ್ಕೆ ಬಂದರು. ಹೆದರುವಂಥದ್ದು ಏನೂ ಕಾಣುತ್ತಿಲ್ಲ, ಮನಸ್ಸಿನ ಸಮಾಧಾನಕ್ಕೆ ಒಮ್ಮೆ ಬಾಯಿಂದ ಕ್ಯಾಮೆರಾದ ಕೊಳವೆ ಇಳಿಸಿ ಒಳಗೂ ನೋಡೋಣ ಎಂದರು. ವಯಸ್ಸಾಗಿ ಅನ್ನನಳಿಕೆಯ ಹಿಡಿತ ಸಡಿಲವಾಗಿದೆ, ಜೊಲ್ಲೂ ಕಡಿಮೆಯಾಗಿದೆ, ಒಣ ತುತ್ತು ನಿಲ್ಲುತ್ತದೆ. ಬಹುಶಃ ಕೆಲವು ವರ್ಷಗಳಿಂದಲೇ ಹೀಗಿದ್ದಿರಬೇಕು, ಕದ್ದು ಕುಡಿಯುತ್ತಿದ್ದ ಆ ಗುಟುಕುಗಳಿಂದ ಇಷ್ಟು ದಿನ ನಡೆದುಕೊಂಡು ಬಂದಿದೆ. ಅದನ್ನು ನಿಲ್ಲಿಸಿದ್ದೇ ಮೈ ಇಳಿಯಲು ಶುರುವಾಯಿತು. ಚಿಕ್ಕ ತುತ್ತು, ನೆಟ್ಟಗೆ ಕೂತು ಊಟ, ನಡುನಡುವೆ ನೀರು. ಇದೇ ಔಷಧಿ.

ಆ ಮಾತು ಬಾಯ್ಲರಣ್ಣನೊಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕಾರ್ಖಾನೆಯಲ್ಲಿ ಸಿಡಿದ ಬಾಯ್ಲರಿನಿಂದ ಅವನು ಕಲಿತದ್ದು ಅರ್ಧ ಪಾಠ. ನೀರು ಬಿಟ್ಟದ್ದು ಕೊನೆಯ ತಪ್ಪು. ಮೊದಲ ತಪ್ಪು ನೀರು ಇಳಿಯಲು ಬಿಟ್ಟದ್ದು. ಕೆಲಸದಲ್ಲಿ ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಜೀವಮಾನವಿಡೀ ನೀರು ಇಳಿಯದಂತೆ ಕಾದಿದ್ದ. ಮನೆಯಲ್ಲಿ ಮಾತ್ರ, ತನ್ನ ಕಣ್ಣೆದುರಿಗೇ, ಒಬ್ಬಳನ್ನು ಒಣಗಿಸಿದ್ದ.

ಅವಳು ತನ್ನ ಸೀರೆಯುಟ್ಟು ಹೊರಗೆ ಬಂದಾಗ ಅವನು ಬಾಗಿಲ ಹತ್ತಿರವೇ ನಿಂತಿದ್ದ. ಮಗಳು ಔಷಧಿ ಅಂಗಡಿಯ ನೆಪ ಹೇಳಿ ಆಚೆ ಹೋದಳು.

"ಏನಂದ್ರು?" ಅವಳು ಕೇಳಿದಳು. "ನಾನು ಮಾಡಿದ್ದಕ್ಕೇನಾ?"

"ಅಲ್ಲ," ಅಂದ. "ನಾನು ಮಾಡಿದ್ದಕ್ಕೆ. ನೀನು ಕದ್ದು ಕುಡಿದಿದ್ದಕ್ಕೇ ಇಷ್ಟು ದಿನ ಉಳಿದಿದೀಯ." ಆಮೇಲೆ ತಲೆ ತಗ್ಗಿಸಿ, "ನಂದು ತಪ್ಪಾಯ್ತು ಕಣೇ. ಹೊಟ್ಟೆಗೆ ಹಾಕ್ಕೋ," ಅಂದ.

ಅವಳು ಅವನ ಮುಖವನ್ನೇ ನೋಡಿದಳು. ಅಷ್ಟು ವರ್ಷಗಳಲ್ಲಿ ಆ ಬಾಯಿಂದ ಬಂದಿರದ ಮಾತು ಅದು. ಬೆಳಗಿನಿಂದ ಉಪವಾಸ ಇಟ್ಟಿದ್ದಾರೆ, ನಡೀರಿ, ಏನಾದ್ರೂ ತಿನ್ನೋಣ ಅಂದಳು.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಗದ್ದಲ. ಸಾಲಿನಲ್ಲಿ ನಿಂತು ಅನ್ನ, ಬೇಯಿಸಿದ ತರಕಾರಿ ತಟ್ಟೆಗಳಿಗೆ ಹಾಕಿಸಿಕೊಂಡು ಬಂದು ಕೂತರು. ಬಾಯ್ಲರಣ್ಣ ತನ್ನ ತಟ್ಟೆ ಮುಟ್ಟದೆ ಎದ್ದುಹೋಗಿ ಲೋಟದಲ್ಲಿ ನೀರು ಹಿಡಿದು ತಂದು ಅವಳ ಕೈಗೆ ಸಿಗುವ ಹಾಗೆ ಇಟ್ಟ. ಅವಳು ಮೊದಲ ತುತ್ತು ನುಂಗಿ, ಅಭ್ಯಾಸಬಲದಿಂದ ಎದೆಯ ಮೇಲೆ ಕೈಯಿಟ್ಟಳು. ನೀರು ಕುಡಿದಳು. ಕೈ ತೆಗೆದಳು. ಇನ್ನೊಂದು ತುತ್ತು. ಒಂದು ಗುಟುಕು. ಅವನು ಅವಳ ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡುತ್ತಿದ್ದ. ಅಲ್ಲಿಂದ ಕೆಳಗೆ ಏನು ನಡೆಯುತ್ತದೆ ಎಂಬುದು ಈಗ ಅವನಿಗೆ ಗೊತ್ತಿತ್ತು. ಈಗ ಬಾಗಿಲು ತೆರೆಯಿತು, ಈಗ ಮುಚ್ಚಿತು, ನೀರು ಅಂಚು ಹಿಡಿದು ಹೋಯಿತು ಎಂದು ಮನಸ್ಸಿನಲ್ಲೇ ಹಿಂದೆ ಹಿಂದೆ ಹೋದ. ಪಕ್ಕದ ಮೇಜಿನವರು ಈ ಮುದುಕ ಹೆಂಡತಿಯನ್ನು ಯಾಕೆ ಹಾಗೆ ದಿಟ್ಟಿಸುತ್ತಿದ್ದಾನೆ ಎಂದು ತಿರುಗಿ ನೋಡಿದರು.

ಅವಳು ನಿಧಾನಕ್ಕೆ ಉಂಡಳು. ತಟ್ಟೆಯ ಅಂಚಿಗೆ ಅಂಟಿದ ಅಗುಳನ್ನೂ ಬೆರಳಿನಿಂದ ಬಳಿದು ಬಾಯಿಗಿಟ್ಟುಕೊಂಡಳು. ಆಮೇಲೆ ಖಾಲಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಕಡೆ ಚಾಚಿದಳು.

"ರೀ, ಇನ್ನೂ ಹಸಿವಾಗ್ತಿದೆ," ಅಂದಳು. "ಇನ್ನೊಂಚೂರು ಅನ್ನ ಹಾಕಿಸ್ಕೊಂಡು ಬನ್ನಿ."

ಬಾಯ್ಲರಣ್ಣ ತಟ್ಟೆ ತೆಗೆದುಕೊಂಡು ಸಾಲಿನ ಕೊನೆಯಲ್ಲಿ ಹೋಗಿ ನಿಂತ. ಮುಂದೆ ನಿಂತವರು ಇವನು ಅಳುತ್ತಿರುವುದನ್ನು ಕಂಡು, ಏನು ದುಃಖವೋ ಪಾಪ ಎಂದು ಸರಿದು ದಾರಿ ಬಿಟ್ಟರು.